ಅಪ್‌ಡೇಟ್: ಗೋಡೆ ಬಿಟ್ಟು ಗ್ಯಾಲರಿಗೆ, ಟಾರ್ಪಾಲಿನ್ ಕೈಹಿಡಿಯಿತು

ಬೀದಿ ಗೋಡೆಗಳ ಮೇಲೆ ಗ್ರಾಫಿಟಿ ಮಾಡುವ ನನಗೆ ಗ್ಯಾಲರಿಯಿಂದ ಕರೆ ಬಂದಿದೆ, ಯಾವುದರ ಮೇಲೆ ಬರೆಯಲಿ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಕೆಲಸ ಮುಗಿದು ಪ್ರದರ್ಶನವೂ ಶುರುವಾಗಿದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಕ್ಯಾನ್ವಾಸ್ ನನಗೆ ಆಗಿಬರಲಿಲ್ಲ. ನೇಯ್ಗೆಯ ಮೇಲೆ ಸಣ್ಣ ಗೆರೆಗಳ ಅಂಚು ಮಸುಕಾಗುತ್ತದೆ. ಹಳೆಯ ಗೋಡೆಗಳ ಫೋಟೋ ಪ್ರಿಂಟ್ ಹಾಕಿಸಿ ನೋಡಿದೆ, ಜೀವವೇ ಇರಲಿಲ್ಲ.

ಕೆಲಸಕ್ಕೆ ಬಂದದ್ದು 'ಕೀತ್ ಹೇರಿಂಗ್ ಏನು ಮಾಡಿದರು ನೋಡಿ' ಅನ್ನುವ ಸಲಹೆ. ನ್ಯೂಯಾರ್ಕ್ ಸಬ್‌ವೇ ಅಂದರೆ ಸುರಂಗ ರೈಲಿನ ನಿಲ್ದಾಣಗಳಲ್ಲಿ, ಜಾಹೀರಾತಿಲ್ಲದ ಜಾಗಕ್ಕೆ ಅಂಟಿಸಿದ ಕಪ್ಪು ಕಾಗದದ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದ ಅಮೆರಿಕದ ಕಲಾವಿದ ಅವರು. 1982ರಲ್ಲಿ ಟೋನಿ ಶಫ್ರಾಜಿ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದರು. ಆ ಕಾಲದಲ್ಲಿ ವಿನೈಲ್ ಟಾರ್ಪಾಲಿನ್ ಮೇಲೂ ಬರೆದರು. ಅಂಚಿನ ಲೋಹದ ರಿಂಗ್‌ಗಳು ಹಾಗೇ ಕಾಣುತ್ತವೆ!

ನಾನೂ ದಪ್ಪ ಟಾರ್ಪಾಲಿನ್ ತಂದೆ. ಸೋಪಿನ ನೀರಲ್ಲಿ ಒರೆಸಿ, ನಯವಾದ ಸ್ಯಾಂಡ್‌ಪೇಪರ್‌ನಿಂದ ಮೆಲ್ಲಗೆ ಉಜ್ಜಿದೆ. ಆಮೇಲೆ ತೆಳುವಾಗಿ, ಪದರದ ಮೇಲೆ ಪದರ ಸ್ಪ್ರೇ ಮಾಡಿದೆ. ಒಂದೇ ಸಲ ಜಾಸ್ತಿ ಹೊಡೆದರೆ ಬಣ್ಣ ಕೆಳಗೆ ಸೋರುತ್ತದೆ. ಸಾಗಿಸುವಾಗ ಮಡಚಬೇಡಿ, ಸುತ್ತಿಡಿ. ರಿಂಗ್‌ಗಳನ್ನು ಮೊಳೆಗೆ ಸಿಕ್ಕಿಸಿದರೆ ಸಾಕು, ಫ್ರೇಮಿನ ಖರ್ಚೂ ಉಳಿಯಿತು.

ಹುಡುಕುವಾಗ ಗೊತ್ತಾದ ಇನ್ನೊಂದು ಸಂಗತಿ: 1979ರಲ್ಲೇ ಲೀ ಕಿನ್ಯೋನೆಸ್ ಮತ್ತು ಫ್ಯಾಬ್ 5 ಫ್ರೆಡ್ಡಿ ರೋಮ್‌ನ ಗ್ಯಾಲರಿಯೊಂದರಲ್ಲಿ ಪ್ರದರ್ಶನ ಮಾಡಿದ್ದರು. ನ್ಯೂಯಾರ್ಕಿನ ರೈಲು ಬೋಗಿಗಳಿಗೆ ಬಣ್ಣ ಹೊಡೆಯುತ್ತಿದ್ದ ಹುಡುಗರು! ಓದಿ ನನಗೆ ತುಂಬಾ ಧೈರ್ಯ ಬಂತು.

ಟಾರ್ಪಾಲಿನ್ ಕೆಲಸವನ್ನು ವರ್ಷಗಟ್ಟಲೆ ಇಟ್ಟವರಿದ್ದರೆ, ಬಣ್ಣ ಈಗ ಹೇಗಿದೆ ಅಂತ ಹೇಳಿ.