ಅಪ್ಪ ತೋಟವನ್ನೆಲ್ಲ ನನ್ನ ಹೆಸರಿಗೆ ಉಯಿಲು ಬರೆದಿದ್ದಾರೆ, ನಿಲ್ಲುತ್ತಾ?

ಪ್ರಶ್ನೆ: ಸಾಗರದ ಕಡೆಯವನು

ಮುತ್ತಜ್ಜ ಮಾಡಿದ ಅಡಿಕೆ ತೋಟ. 1982ರಲ್ಲಿ ಅಪ್ಪ, ದೊಡ್ಡಪ್ಪ ಹಿಸೆಯಾದಾಗ ನಮಗೆ 1 ಎಕರೆ 20 ಗುಂಟೆ ಬಂತು. ಅಪ್ಪ ಮೇಷ್ಟ್ರಾಗಿದ್ದಾಗ ಸಂಬಳದಲ್ಲಿ 30 ಗುಂಟೆ ಗದ್ದೆ ಕೊಂಡರು. ಅವರಿಗೀಗ 79. ಅಮ್ಮ ಇಲ್ಲ. ಮಕ್ಕಳು ನಾನು, ತಂಗಿ ಇಬ್ಬರೇ. ಅವಳ ಮದುವೆಯಾಗಿದ್ದು 1998ರಲ್ಲಿ.

ಮೊನ್ನೆ ಅಡಿಕೆ ಸುಲಿಯುತ್ತ ಕೂತಿದ್ದಾಗ ಅಪ್ಪ ಟ್ರಂಕಿನಿಂದ ಒಂದು ಕಾಗದ ತಂದು ಕೊಟ್ಟರು. 2003ರಲ್ಲಿ ಬರೆಸಿದ ಉಯಿಲು. ಒಂದು ಮೂಲೆ ಒರಲೆ ತಿಂದಿದೆ. ತೋಟ, ಗದ್ದೆ, ಮನೆ, ಸೊಪ್ಪಿನ ಬೆಟ್ಟ ಎಲ್ಲ ನನಗೆ. ತಂಗಿಗೆ ಅಮ್ಮನ ಅವಲಕ್ಕಿ ಸರ. ಸಾಕ್ಷಿ ಹಾಕಿದ ಇಬ್ಬರೂ ತೀರಿಕೊಂಡಿದ್ದಾರೆ. ಛಾಪಾ ಕಾಗದದ ಮೇಲಿದೆ, ಯಾರೂ ಅಲ್ಲಾಡಿಸೋಕೆ ಆಗಲ್ಲ ಅಂತ ಬರೆದುಕೊಟ್ಟವರು ಹೇಳಿದ್ದರಂತೆ. ನಿಜವಾ? ತಂಗಿ ಇವತ್ತಿನವರೆಗೆ ಏನೂ ಕೇಳಿಲ್ಲ. ಸುಮ್ನೆ ಇರೋದೇ ಒಳ್ಳೇದಲ್ವಾ?

ಉತ್ತರ: ಶಿವಮೊಗ್ಗದ ವಕೀಲ

ಛಾಪಾ ಕಾಗದಕ್ಕೂ ಉಯಿಲಿಗೂ ಸಂಬಂಧವೇ ಇಲ್ಲ. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ನೋಂದಣಿಯೂ ಕಡ್ಡಾಯವಲ್ಲ. ಬರೆಸಿದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಇಬ್ಬರೂ ಇಲ್ಲ ಅಂದರೆ ಅವರ ಕೈಬರಹ ಗುರುತಿಸುವವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಅಪ್ಪ ಗಟ್ಟಿಯಾಗಿರುವಾಗಲೇ ಹೊಸದು ಬರೆಸಿ. ಸಾಕ್ಷಿಗೆ ನಿಮಗಿಂತ ಚಿಕ್ಕವರನ್ನು ಕರೆಯಿರಿ, ಅಪ್ಪನ ಓರಗೆಯವರನ್ನಲ್ಲ.

ಆದರೆ ನಿಮ್ಮ ತೊಂದರೆ ಅದಲ್ಲ. ಈ ತೋಟ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಮದುವೆ ಯಾವಾಗ ಆಯಿತು ಅನ್ನೋದು ಲೆಕ್ಕಕ್ಕಿಲ್ಲ. 60 ಗುಂಟೆಗೆ ಮೂರು ಪಾಲು. ಅಪ್ಪ ಉಯಿಲು ಬರೆಯಬಹುದಾದ್ದು ತಮ್ಮ 20 ಗುಂಟೆಗೆ ಮಾತ್ರ. ಗದ್ದೆ ಸಂಬಳದ್ದಾದರೆ ಅವರಿಷ್ಟ. ತೋಟದ ಹುಟ್ಟುವಳಿಯಲ್ಲಿ ಕೊಂಡಿದ್ದು ಅಂತ ನಾಳೆ ಯಾರೂ ಹೇಳಬಾರದು, ಕ್ರಯಪತ್ರ, ಸಂಬಳದ ದಾಖಲೆ ಜೋಪಾನ ಮಾಡಿ. ಬೆಟ್ಟ ಸರ್ಕಾರದ್ದು. ಸೊಪ್ಪು, ದರಗು ತರುವ ಸವಲತ್ತು ಮಾತ್ರ ನಿಮ್ಮದು, ಅದು ತೋಟಕ್ಕೆ ಅಂಟಿಕೊಂಡು ಬರುತ್ತದೆ.

ಉತ್ತರ: ಹೊಸನಗರದ ಅಕ್ಕ

ನಾನು ನಿಮ್ಮ ತಂಗಿಯ ಜಾಗದಲ್ಲಿದ್ದವಳು. ಗೌರಿ ಹಬ್ಬಕ್ಕೆ ಕರೆದು, ಮರುದಿನ ಪಹಣಿ ಕೆಲಸ ಅಂತ ಅಣ್ಣ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. ಹೆಬ್ಬೆಟ್ಟು ಒತ್ತಿದ ಮೇಲೆ ಗೊತ್ತಾಯಿತು, ಅದು ಹಕ್ಕು ಬಿಡುಗಡೆ ಪತ್ರ. ನನಗೆ ತೋಟ ಬೇಕಿರಲಿಲ್ಲ. ಬಾವಿ ಪಕ್ಕದ ಎರಡು ಅಪ್ಪೆಮಿಡಿ ಮರದ ಕಾಯಿ ವರ್ಷಾ ಸಿಗಲಿ ಅಂತಿತ್ತು, ಅಷ್ಟೇ. ಈಗ ಉಪ್ಪಿನಕಾಯಿಗೆ ಮಿಡಿ ಪೇಟೆಯಲ್ಲಿ ಕೊಳ್ಳುತ್ತೇನೆ. ಏನೂ ಕೇಳದ ತಂಗಿಗೆ ಏನೂ ಬೇಡ ಅಂತ ಅಂದುಕೊಳ್ಳಬೇಡಿ. ಫೋನ್ ಮಾಡಿ.

ಸಾಗರದ ಕಡೆಯವನು

ಮಾಡಿದೆ. ಉಯಿಲನ್ನು ಪೂರ್ತಿ ಓದಿ ಹೇಳಿದೆ. ಅವಳ 20 ಗುಂಟೆ ಅವಳ ಹೆಸರಲ್ಲೇ ಇರಲಿ, ನೀನೇ ನೋಡಿಕೋ, ಖರ್ಚು ಕಳೆದು ಕೊಡು ಅಂದಳು. ಗದ್ದೆ ಬೇಡವಂತೆ. ಅಪ್ಪ ಅರ್ಧ ಗಂಟೆ ಮಾತಾಡಲಿಲ್ಲ, ಆಮೇಲೆ ಆಗಲಿ ಅಂದರು. ಸರದ ವಿಷಯಕ್ಕೆ ಮಾತ್ರ ತಂಗಿ ಜೋರಾಗಿ ನಕ್ಕಳು. ಅಮ್ಮನ ಸರ ನನಗೆ ಕೊಡೋಕೆ ಅದೇನು ಅಪ್ಪಂದಾ ಅಂತ. ವಕೀಲರೇ, ಏನಂತೀರಿ?

ಶಿವಮೊಗ್ಗದ ವಕೀಲ

ತೋಟಕ್ಕೆ ಮೊದಲು 11ಇ ನಕ್ಷೆ, ಅಂದರೆ ಪಾಲುಗಳನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ ಮಾಡಿಸಿ, ಆಮೇಲೆ ವಿಭಾಗ ಪತ್ರ ನೋಂದಣಿ. ಸರದ ವಿಷಯದಲ್ಲಿ ತಂಗಿ ಹೇಳಿದ್ದೇ ಸರಿ. ಅದು ಸ್ತ್ರೀಧನ, ಅಂದರೆ ಅಮ್ಮನ ಸ್ವಂತ ಆಸ್ತಿ. ಅಮ್ಮ ಏನೂ ಬರೆದಿಡದೆ ಹೋಗಿದ್ದರೆ ಅಪ್ಪ, ನೀವು, ತಂಗಿ ಮೂವರಿಗೂ ಸಮ. ನಾನು ಗಮನಿಸಿರಲಿಲ್ಲ. ಹೊಸ ಉಯಿಲಿನಲ್ಲಿ ಆ ಸಾಲು ತೆಗೆಸಿ, ಸರ ಈಗಲೇ ಅವರ ಕೈಗೆ ಕೊಡಿ.