ಕಡಲ ಪಕ್ಕದ ಹಳೇ ಮನೆ, ಹಳೇ ಪೈಪು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ

ಸಮುದ್ರಕ್ಕೆ ಹತ್ತಿರದ ಬಡಾವಣೆಯಲ್ಲಿ ನಲವತ್ತು ವರ್ಷ ದಾಟಿದ ಎರಡಂತಸ್ತಿನ ಮನೆ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು. ಮೇಲಿನ ಬಚ್ಚಲಲ್ಲಿ ಬಿಸಿನೀರು ದಾರದಷ್ಟು ತೆಳ್ಳಗೆ ಬರುತ್ತದೆ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ತೇವ. ಮಳೆಗಾಲದಲ್ಲಿ ಕೆಳಗಿನ ಕಕ್ಕಸಿನ ನೀರು ಇಳಿಯುವುದೇ ಇಲ್ಲ. ಗೋಡೆ ಒಡೆಸಿ ಎಲ್ಲವನ್ನೂ ಬದಲಿಸಿ ಎನ್ನುತ್ತಿದ್ದಾರೆ. ಅಷ್ಟೆಲ್ಲ ಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಒಡೆಸುವ ಮೊದಲು ಪರೀಕ್ಷೆ ಮಾಡಿ. ಒಂದು ಅಯಸ್ಕಾಂತ, 10 ಲೀಟರಿನ ಬಕೆಟ್ಟು, ಗಡಿಯಾರ ಇದ್ದರೆ ಸಾಕು.

ಪೈಪು ಯಾವುದೆಂದು ಮೊದಲು ಗೊತ್ತಾಗಬೇಕು. ಬಣ್ಣ ಕೆರೆದು ಅಯಸ್ಕಾಂತ ಇಡಿ. ಅಂಟಿದರೆ ಜಿ.ಐ., ಅಂದರೆ ಸತುವಿನ ಲೇಪವಿರುವ ಕಬ್ಬಿಣ. ಅಂಟದೆ ಕೆರೆದ ಜಾಗ ಕೆಂಪಗೆ ಹೊಳೆದರೆ ತಾಮ್ರ. ಅಂಟದೆ, ನಾಣ್ಯದಲ್ಲಿ ಕೆರೆದರೂ ಮೆತ್ತಗೆ ಏಳುತ್ತಾ ಬೆಳ್ಳಿಬಣ್ಣ ಬಂದರೆ ಸೀಸ. ಸೀಸವಾದರೆ ಆ ನೀರನ್ನು ಇವತ್ತಿನಿಂದಲೇ ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೆ ಸೀಸ ಹೋಗುವುದಿಲ್ಲ.

ಸೋರಿಕೆಗೆ: ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕಿಗೆ ನೀರು ಬರುವ ವಾಲ್ವನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. 1 ಮೀಟರ್ ಉದ್ದಗಲದ ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದರೆ 10 ಲೀಟರ್ ಹೋಯಿತೆಂದು ಲೆಕ್ಕ. ಮರುದಿನ ರಾತ್ರಿ ಟ್ಯಾಂಕಿನಿಂದ ಹೊರಹೋಗುವ ವಾಲ್ವನ್ನೂ ಮುಚ್ಚಿ ನೋಡಿ. ಆಗಲೂ ಇಳಿದರೆ ಟ್ಯಾಂಕೇ ಸೋರುತ್ತಿದೆ, ಇಳಿಯದಿದ್ದರೆ ತಪ್ಪು ಪೈಪಿನದು. ಫ್ಲಶ್ ಟ್ಯಾಂಕನ್ನು ಮರೆಯಬೇಡಿ: ಅದರೊಳಗೆ ನಾಲ್ಕು ಹನಿ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕಮೋಡಿಗೆ ಇಳಿದಿದ್ದರೆ ಸೋರುತ್ತಿರುವುದು ಅಲ್ಲಿನ ರಬ್ಬರು, ಗೋಡೆಯ ಪೈಪಲ್ಲ.

ಹರಿವಿಗೆ: ಪ್ರತಿ ನಲ್ಲಿಯಲ್ಲೂ ಬಕೆಟ್ಟು ತುಂಬಲು ಎಷ್ಟು ಸೆಕೆಂಡು ಎಂದು ಬರೆದಿಡಿ. ಒಂದೇ ಬಚ್ಚಲಲ್ಲಿ ತಣ್ಣೀರಿಗೂ ಬಿಸಿನೀರಿಗೂ ತುಂಬಾ ವ್ಯತ್ಯಾಸವಿದ್ದರೆ ತೊಂದರೆ ಬಿಸಿನೀರಿನ ದಾರಿಯಲ್ಲಿ ಮಾತ್ರ.

ಉತ್ತರ 2

ಕೆಂಪು ನೀರು ಮೊದಲ ಕೆಲವು ಲೀಟರಿಗೆ ಮುಗಿದು ತಿಳಿಯಾದರೆ ತುಕ್ಕು ಮನೆಯೊಳಗಿನ ಪೈಪಿನದು, ರಾತ್ರಿಯೆಲ್ಲ ನಿಂತ ನೀರಿಗೆ ಬಿಟ್ಟುಕೊಂಡದ್ದು. ಎಷ್ಟು ಹೊತ್ತು ಬಿಟ್ಟರೂ ಕೆಂಪಾಗಿಯೇ ಬಂದರೆ ಟ್ಯಾಂಕನ್ನೂ ನೀರಿನ ಮೂಲವನ್ನೂ ನೋಡಿ.

ಅರ್ಧ ಇಂಚಿನ ಜಿ.ಐ. ಪೈಪಿನ ಒಳವ್ಯಾಸ ಸುಮಾರು 16 ಮಿ.ಮೀ. ಒಳಗಿನ ಸತುವಿನ ಲೇಪ ಹೋದ ಮೇಲೆ ತುಕ್ಕು ಗಂಟುಗಂಟಾಗಿ ಬೆಳೆಯುತ್ತದೆ. ಹಾದಿ 8 ಮಿ.ಮೀ.ಗೆ ಇಳಿಯಿತೆಂದರೆ ಉಳಿದದ್ದು ಮೊದಲಿನ ಕಾಲು ಭಾಗ, ಹರಿವು ಅದಕ್ಕಿಂತಲೂ ಕಡಿಮೆ. ಬಿಸಿನೀರಿನ ಲೈನಿನಲ್ಲಿ ಇದು ಬೇಗ ಆಗುತ್ತದೆ.

ಮೊದಲು ತೂತಾಗುವುದು ಥ್ರೆಡ್ (ತಿರುಪಿನ ಗೆರೆ) ಇರುವಲ್ಲಿ. 2.6 ಮಿ.ಮೀ. ದಪ್ಪದ ಪೈಪಿನಲ್ಲಿ ಥ್ರೆಡ್ ಹಾಕುವಾಗಲೇ ಸುಮಾರು 1.2 ಮಿ.ಮೀ. ಹೋಗಿರುತ್ತದೆ. ಕಡಲ ಹತ್ತಿರ ಇದರ ಮೇಲೆ ಇನ್ನೊಂದು ಹೊಡೆತ: ಸರಿಯಾಗಿ ತೊಳೆಯದ ಕಡಲ ಮರಳಿನ ಗಾರೆಯಲ್ಲಿ ಹುದುಗಿದ ಪೈಪನ್ನು ಆ ಗಾರೆಯ ಉಪ್ಪೇ ಹೊರಗಿನಿಂದ ತಿನ್ನುತ್ತದೆ. ಪೈಪು ಗೋಡೆಯೊಳಗೆ ಹೋಗುವ ಬಾಯಿ, ಎಲ್ಬೋ, ಟೀ ಇರುವ ಜಾಗಗಳ ಸುತ್ತ ಗಾರೆ ಉಬ್ಬಿದೆಯೇ, ಕಂದು ಕಲೆ ಇದೆಯೇ ನೋಡಿ.

ಹಳೇ ಜಿ.ಐ. ಬಿಚ್ಚುವಾಗ ಎರಡು ಪೈಪ್ ರೆಂಚು ಬೇಕೇಬೇಕು. ಒಂದು ತಿರುಗಿಸುವುದಕ್ಕೆ, ಇನ್ನೊಂದು ಪಕ್ಕದ ಪೈಪನ್ನು ಅಲುಗದಂತೆ ಹಿಡಿಯುವುದಕ್ಕೆ. ಒಂದರಲ್ಲೇ ತಿರುಗಿಸಿದರೆ ಬಲ ಗೋಡೆಯೊಳಗಿನ ಮುಂದಿನ ಜಾಯಿಂಟಿಗೆ ಹೋಗಿ ಅದು ಒಡೆಯುತ್ತದೆ. ರಿಪೇರಿ ಮಾಡಿಸಿದ ವಾರಕ್ಕೇ ಪಕ್ಕದಲ್ಲಿ ಹೊಸ ಸೋರಿಕೆ ಹುಟ್ಟುವುದು ಬಹುಪಾಲು ಹೀಗೆಯೇ.

ಕೇಳಿದವರು

ಎಲ್ಲ ಕಡೆ ಅಯಸ್ಕಾಂತ ಅಂಟುತ್ತದೆ. ಗೀಸರಿನ ಹತ್ತಿರ ಮಾತ್ರ ಒಂದು ತುಂಡು ತಾಮ್ರ, ನೇರ ಜಿ.ಐ.ಗೆ ಜೋಡಿಸಿದ್ದಾರೆ. ತಣ್ಣೀರು ಪರವಾಗಿಲ್ಲ, ಬಿಸಿನೀರಿಗೆ ಬಕೆಟ್ಟು ತುಂಬಲು ನಾಲ್ಕು ಪಟ್ಟು ಹೊತ್ತು. ಆಸಿಡ್ ಹಾಕಿ ಪೈಪು ತೊಳೆಸಬಹುದೇ?

ಉತ್ತರ 3

ಆಸಿಡ್ ಖಂಡಿತ ಬೇಡ. ತೆಳ್ಳಗಾದ ಜಾಗಗಳನ್ನು ಈಗ ಮುಚ್ಚಿಕೊಂಡಿರುವುದೇ ಆ ತುಕ್ಕು. ಅದನ್ನು ಕರಗಿಸಿದರೆ ತೂತುಗಳು ಒಟ್ಟಿಗೇ ಬಾಯಿ ತೆರೆಯುತ್ತವೆ, ಉಳಿದ ಸತುವೂ ಹೋಗುತ್ತದೆ. ಬ್ಲೀಚಿಂಗ್ ಹಾಕಿದ ಲೈನಿಗೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ತಾಮ್ರ–ಜಿ.ಐ. ನೇರ ಜೋಡಣೆ ಅರ್ಧ ಕಾರಣವಿರಬಹುದು. ಎರಡು ಲೋಹ ತಾಗಿ ನಡುವೆ ನೀರಿದ್ದರೆ ಸತುವೂ ಕಬ್ಬಿಣವೂ ಸವೆಯುತ್ತವೆ, ತಾಮ್ರ ಉಳಿಯುತ್ತದೆ. ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಬೇಗ. ನೀರು ತಾಮ್ರ ದಾಟಿ ಜಿ.ಐ.ಗೆ ಹೋಗುವ ಕಡೆ ಇನ್ನೂ ಕೆಟ್ಟದ್ದು: ಕರಗಿ ಬಂದ ತಾಮ್ರದ ಕಣಗಳು ಜಿ.ಐ. ಒಳಗೆ ಕೂತು ಅಲ್ಲಲ್ಲೇ ಗುಳಿ ಕೊರೆಯುತ್ತವೆ. ನಡುವೆ ಡೈಎಲೆಕ್ಟ್ರಿಕ್ ಯೂನಿಯನ್ (ಎರಡು ಲೋಹ ಒಂದಕ್ಕೊಂದು ತಾಗದಂತೆ ಬೇರೆ ಮಾಡುವ ಜೋಡಣೆ) ಹಾಕಿ, ಸಿಗದಿದ್ದರೆ ಹಿತ್ತಾಳೆಯ ತುಂಡಾದರೂ ಇರಲಿ.

ಆದರೆ ಲೈನು ಸತ್ತಿದೆ ಎನ್ನುವ ಮೊದಲು ಗೀಸರನ್ನು ಬೇರೆ ಮಾಡಿ ನೋಡಿ. ವಿದ್ಯುತ್ತನ್ನು ಮುಖ್ಯ ಬೋರ್ಡಿನಲ್ಲೇ ತೆಗೆದು, ನೀರು ತಣ್ಣಗಾಗಲು ಬಿಡಿ. ಬಿಸಿನೀರು ಹೊರಡುವ ಹೋಸನ್ನು ಗೋಡೆಯ ಕಡೆಯಿಂದ ಬಿಚ್ಚಿ ಬಕೆಟ್ಟಿಗೆ ಹಿಡಿದು, ತಣ್ಣೀರಿನ ವಾಲ್ವ್ ತೆರೆಯಿರಿ. ಜೋರಾಗಿ ಬಂದರೆ ಗೀಸರ್ ಸರಿ ಇದೆ, ಕಟ್ಟಿರುವುದು ಗೋಡೆಯ ಲೈನು. ಇಲ್ಲೂ ತೆಳ್ಳಗೆ ಬಂದರೆ ಒಳಬರುವ ಕಡೆಯ ನಾನ್‌ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವುದು) ಮತ್ತು ಎರಡೂ ನಿಪ್ಪಲ್ (ಥ್ರೆಡ್ ಇರುವ ಗಿಡ್ಡ ಜೋಡುತುಂಡು) ಬಿಚ್ಚಿ ನೋಡಿ. ಎಷ್ಟೋ ಮನೆಗಳಲ್ಲಿ ಆ ಒಂದು ನಿಪ್ಪಲ್ ಬದಲಿಸಿದರೆ ಕೆಲಸ ಮುಗಿಯುತ್ತದೆ. ಹೇಗೂ ಬಿಚ್ಚಿದಾಗ ಆನೋಡ್ ಕಡ್ಡಿಯನ್ನೂ (ಗೀಸರಿನ ಟ್ಯಾಂಕಿನ ಬದಲು ತಾನು ಸವೆಯುವ ಕಡ್ಡಿ) ನೋಡಿ. ಮೆಗ್ನೀಷಿಯಂ ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಈಗಲೇ ಬದಲಿಸಿ. ಉಪ್ಪುನೀರಿನಲ್ಲಿ ವರ್ಷಕ್ಕೊಮ್ಮೆ ನೋಡಬೇಕು.

ಉತ್ತರ 4

ಗೋಡೆಯೊಳಗಿನ ಲೈನೇ ಕಟ್ಟಿದ್ದರೆ ಅದನ್ನು ರಿಪೇರಿ ಮಾಡಿಸಬೇಡಿ, ತೆಗೆಸಲೂ ಬೇಡಿ. ಎರಡೂ ತುದಿ ಕತ್ತರಿಸಿ, ನೀರು ಬಸಿದು, ಕ್ಯಾಪ್ ಹಾಕಿ ಅಲ್ಲೇ ಬಿಡಿ. ಹೊಸ ಲೈನನ್ನು ಗೋಡೆಯ ಮೇಲೇ ಕ್ಲಾಂಪಿನಲ್ಲಿ ತನ್ನಿ. ನೋಟಕ್ಕೆ ಚೆಂದ ಕಾಣದೆ ಇರಬಹುದು, ಆದರೆ ಸೋರಿದರೆ ಅದೇ ದಿನ ಕಣ್ಣಿಗೆ ಬೀಳುತ್ತದೆ.

ಸಿ.ಪಿ.ವಿ.ಸಿ. (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು) ಹಾಕಿಸುವುದಾದರೆ: ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ಕೆರೆದು ತೆಗೆಯಿರಿ. ಅಂಟು ಹಚ್ಚದೆ ಜೋಡಿಸಿ ನೋಡಿದಾಗ ಪೈಪು ಸಾಕೆಟ್ಟಿನ (ಪೈಪು ಕೂರುವ ಬಾಯಿ) ಆಳದ ಮೂರನೇ ಒಂದರಿಂದ ಮೂರನೇ ಎರಡು ಭಾಗದವರೆಗೆ ಹೋಗಿ ಬಿಗಿಯಬೇಕು. ಸಾಲ್ವೆಂಟ್ (ಜೋಡಿಸುವ ಅಂಟು) ಸಿ.ಪಿ.ವಿ.ಸಿ.ಯದೇ ಇರಲಿ, ಪಿ.ವಿ.ಸಿ.ಯದು ಬಿಸಿಗೆ ಬಿಟ್ಟುಕೊಳ್ಳುತ್ತದೆ. ಪೈಪಿಗೆ ದಪ್ಪಗೆ, ಸಾಕೆಟ್ಟಿಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ತಳದವರೆಗೆ ಒತ್ತಿ, 30 ಸೆಕೆಂಡು ಹಿಡಿಯಿರಿ. ಸಾಕೆಟ್ಟಿಗೆ ಹೆಚ್ಚು ಹಚ್ಚಿದರೆ ಒಳಗೆ ಗಡ್ಡೆಯಾಗಿ ಹೊಸ ಪೈಪೇ ಕಟ್ಟುತ್ತದೆ. ಲೋಹದ ನಲ್ಲಿ ಸೇರುವಲ್ಲಿ ಹಿತ್ತಾಳೆ ಥ್ರೆಡ್ಡಿನ ಫಿಟ್ಟಿಂಗ್ ಬೇಕು, ಬರೀ ಪ್ಲಾಸ್ಟಿಕ್ ಥ್ರೆಡ್ ಬಿರಿಯುತ್ತದೆ.

ಬಿಸಿಗೆ ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿಯಿರಿ. 10 ಮೀಟರ್ ನೇರ ಪೈಪು 30 ಡಿಗ್ರಿ ಬಿಸಿಯೇರಿದರೆ ಸುಮಾರು 20 ಮಿ.ಮೀ. ಉದ್ದವಾಗುತ್ತದೆ. ನಡುವೆ ಒಂದು ಸೊಟ್ಟ ತಿರುವು ಕೊಡಿ, ಕ್ಲಾಂಪು ಪೈಪನ್ನು ಕಚ್ಚದೆ ಜಾರಲು ಬಿಡಬೇಕು. ಬಿಸಿಲು ಬೀಳುವ ಭಾಗಕ್ಕೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಬಳಿಯಿರಿ, ಎಣ್ಣೆ ಬಣ್ಣ ಬೇಡ.

24 ಗಂಟೆ ಒಣಗಿದ ಮೇಲೆ ಪರೀಕ್ಷೆ. ಎತ್ತರದ ನಲ್ಲಿಯಿಂದ ಗಾಳಿ ಪೂರ್ತಿ ಹೋಗಲಿ, ಆಮೇಲೆ ಕೈಪಂಪಿನಲ್ಲಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ 2 ಗಂಟೆ ಬಿಡಿ. ಪಂಪಿನ ಒತ್ತಡ ತೋರಿಸುವ ಮುಳ್ಳು ಇಳಿಯಬಾರದು. ಗೀಸರ್ ಮತ್ತು ಉಳಿದ ಹಳೇ ಜಿ.ಐ. ಈ ಪರೀಕ್ಷೆಯಿಂದ ಹೊರಗಿರಲಿ.

ಉತ್ತರ 5

ಮೇಲಿನದಕ್ಕೆ ಒಂದು ಮಾತು. ಬಿಸಿನೀರಿಗೆ ಪಿ.ಪಿ.ಆರ್. (ಕಾಯಿಸಿ ಬೆಸೆಯುವ ಇನ್ನೊಂದು ಬಗೆಯ ಪ್ಲಾಸ್ಟಿಕ್ ಪೈಪು) ಕೂಡ ಒಳ್ಳೆಯದೇ, ಸುಮಾರು 260 ಡಿಗ್ರಿಯಲ್ಲಿ ಬೆಸೆದ ಜಾಯಿಂಟಿಗೆ ಸಾಲ್ವೆಂಟಿನ ಚಿಂತೆ ಇಲ್ಲ. ಆದರೆ ಅದು ಸಿ.ಪಿ.ವಿ.ಸಿ.ಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹೆಚ್ಚು ಹೊತ್ತು ಕಾಯಿಸಿ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಬಳೆಯಾಗಿ ನಿಲ್ಲುತ್ತದೆ. ಬೆಸೆದು ರೂಢಿಯಿರುವ ಕೈ ಸಿಗದಿದ್ದರೆ ಸಿ.ಪಿ.ವಿ.ಸಿ. ಸಾಕು.

ಪ್ರೆಶರ್ ಪಂಪ್ ಹಾಕಿಸಿಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಮೇಲಿನ ಮಹಡಿಯ ಷವರಿಗೆ ಟ್ಯಾಂಕು 2 ಮೀಟರ್ ಮೇಲಿದ್ದರೆ ಸಿಗುವುದು 0.2. ಇಷ್ಟಕ್ಕೇ ಒಸರುತ್ತಿರುವ ಜಿ.ಐ.ಗೆ ಪಂಪು ಹತ್ತು ಪಟ್ಟು ಒತ್ತಡ ಕೊಟ್ಟರೆ ಗೋಡೆಯೆಲ್ಲ ನೀರು. ಟ್ಯಾಂಕಿನಿಂದ ಇಳಿಯುವ ಪೈಪನ್ನು 1 ಇಂಚು, ಬಚ್ಚಲಿನ ಕವಲನ್ನು ಮುಕ್ಕಾಲು ಇಂಚು ಮಾಡಿಸಿ. ನಲ್ಲಿಯ ಹತ್ತಿರ ಮಾತ್ರ ಅರ್ಧ ಇಂಚು ಇರಲಿ.

ಉತ್ತರ 6

ಉಪ್ಪುಗಾಳಿಗೆ ತಡೆಯುವ ಬಿಡಿಭಾಗಗಳ ಬಗ್ಗೆ ಯಾರೂ ಹೇಳಲಿಲ್ಲ. ಸ್ಟೀಲ್ ಕ್ಲಾಂಪು, ಸ್ಕ್ರೂ 316 ದರ್ಜೆಯದಿರಲಿ. 304 ಕಡಲ ಗಾಳಿಗೆ ಕಂದು ಕಲೆ ಬಿಟ್ಟು ಗುಳಿ ಬೀಳುತ್ತದೆ. ಸಿಂಕಿನ ಕೆಳಗಿನ ಸ್ಟೀಲ್ ಹೆಣಿಗೆಯ ಹೋಸ್ ನೋಡಿ: ಒಂದೇ ಒಂದು ಎಳೆ ಮುರಿದು ಎದ್ದಿದ್ದರೂ ಬದಲಿಸಿ, ಸಾಮಾನ್ಯವಾಗಿ ಮೊದಲು ಹೋಗುವುದು ನಟ್ಟಿನ ಕುತ್ತಿಗೆ. ಅದೇ ಕಪಾಟಿನಲ್ಲಿ ಬ್ಲೀಚಿಂಗ್, ಆಸಿಡ್ ಇಡಬೇಡಿ, ಆವಿಯೇ ಹೆಣಿಗೆಯನ್ನು ತಿನ್ನುತ್ತದೆ. ಹಿತ್ತಾಳೆ ವಾಲ್ವಿನ ಮೇಲೆ ಬಿಳಿ ಪುಡಿ, ಕೆಳಗೆ ಗುಲಾಬಿ ಬಣ್ಣದ ಮಚ್ಚೆ ಕಂಡರೆ ಸತುವು ಕರಗಿ ಹೋಗಿ ಪೊಳ್ಳಾಗಿದೆ ಎಂದರ್ಥ. ರೆಂಚು ಹಾಕಿದರೆ ಪುಡಿಯಾಗುತ್ತದೆ. ಹಳೇ ಗೇಟ್ ವಾಲ್ವ್ ಇದ್ದಲ್ಲಿ ಬಾಲ್ ವಾಲ್ವ್ ಹಾಕಿಸಿ.

ಬಾವಿ ನೀರಾದರೆ ಇದೂ ಗಮನದಲ್ಲಿರಲಿ. ಕಡಲ ಬದಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟದ ಮೇಲೆ 1 ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಇರಬಹುದು ಎಂಬುದು ಲೆಕ್ಕ. ಹಾಗಾಗಿ ಮೇಲೆ ಸ್ವಲ್ಪ ಎಳೆದರೂ ಕೆಳಗಿನ ಉಪ್ಪು ಬಹಳ ಏರುತ್ತದೆ. ದೊಡ್ಡ ಪಂಪಿನಲ್ಲಿ ಒಮ್ಮೆಲೇ ಎಳೆಯುವ ಬದಲು ಚಿಕ್ಕ ಪಂಪಿನಲ್ಲಿ ಸ್ವಲ್ಪಸ್ವಲ್ಪವೇ ತುಂಬಿಸಿ, ಪೈಪೂ ಹೆಚ್ಚು ಬಾಳುತ್ತದೆ.

ಉತ್ತರ 7

ಕಕ್ಕಸಿನದು ಬೇರೆಯೇ ವಿಷಯ, ನೀರಿನ ಲೈನಿನ ಜೊತೆ ಬೆರೆಸಬೇಡಿ. ನೀರು ನಿಂತಾಗ ಹೊರಗಿನ ಚೇಂಬರುಗಳ (ಕೊಳಚೆ ಪೈಪಿನ ದಾರಿಯಲ್ಲಿರುವ ತಪಾಸಣೆ ಗುಂಡಿಗಳ) ಮುಚ್ಚಳ ಒಂದೊಂದಾಗಿ ತೆಗೆಯಿರಿ. ಒಂದು ತುಂಬಿ ಮುಂದಿನದು ಖಾಲಿಯಿದ್ದರೆ ಅವೆರಡರ ನಡುವೆ ಕಟ್ಟಿದೆ. ತಳದಲ್ಲಿ ಮರಳು ಕಂಡರೆ ಹಳೇ ಪಿಂಗಾಣಿ ಪೈಪಿನ ಸಿಮೆಂಟ್ ಜಾಯಿಂಟು ಬಿಟ್ಟಿದೆ. ಸುತ್ತಲಿನ ಮರಳು ಒಳಗೆ ಹರಿದು ನೆಲ ಕುಸಿಯುವ ಮೊದಲು ಆ ಭಾಗ ಬದಲಿಸಿ. 110 ಮಿ.ಮೀ. ಪೈಪಿಗೆ ಮೀಟರಿಗೆ 17ರಿಂದ 25 ಮಿ.ಮೀ. ಇಳಿಜಾರು ಸಾಕು.

ಎಲ್ಲ ಚೇಂಬರೂ ತುಂಬಿ, ಸೆಪ್ಟಿಕ್ ಟ್ಯಾಂಕಿನ ನೀರು ಹೊರಹೋಗುವ ಪೈಪಿಗಿಂತ ಮೇಲೆ ನಿಂತಿದ್ದರೆ ಅಂತರ್ಜಲ ಏರಿ ಇಂಗುಗುಂಡಿ ಮುಳುಗಿದೆ. ಇದಕ್ಕೆ ಪೈಪು ಬದಲಿಸಿ ಪ್ರಯೋಜನವಿಲ್ಲ, ಇಂಗುವ ಜಾಗವನ್ನೇ ಎತ್ತರಕ್ಕೆ ತರಬೇಕು. ನಾನ್‌ರಿಟರ್ನ್ ಫ್ಲಾಪ್ ಹಾಕಿದರೆ ಹೊರಗಿನದು ಒಳಬರುವುದು ನಿಲ್ಲುತ್ತದೆ, ಆದರೆ ಅದು ಮುಚ್ಚಿರುವಷ್ಟು ಹೊತ್ತು ನಿಮ್ಮ ಮನೆಯ ನೀರಿಗೂ ದಾರಿಯಿಲ್ಲ.

ಆ ಹೊತ್ತಿನಲ್ಲಿ ಸೆಪ್ಟಿಕ್ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಸಬೇಡಿ. ಸುತ್ತ ನೀರಿರುವಾಗ ಖಾಲಿ ಟ್ಯಾಂಕು ತೇಲಿ ಮೇಲೆದ್ದು ಪೈಪೆಲ್ಲ ಮುರಿಯುತ್ತದೆ. ಒಣ ದಿನಗಳಲ್ಲೇ ಖಾಲಿ ಮಾಡಿಸಿ, ಮುಗಿದ ಕೂಡಲೇ ನೀರು ತುಂಬಿಸಿ. ಯಾರೂ ಒಳಗೆ ಇಳಿಯಬಾರದು, ಬಾಯಿಗೆ ಬಗ್ಗಿಯೂ ನೋಡಬಾರದು. ಅಲ್ಲಿನ ಅನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ.

ಕೇಳಿದವರು

ಹಾಗಾದರೆ ಮೊದಲು ಯಾವುದು?

ಉತ್ತರ 3

ಗೀಸರಿನ ನಿಪ್ಪಲ್ ಇವತ್ತೇ ನೋಡಿ. ತೇವದ ಗೋಡೆಗೆ ಟ್ಯಾಂಕಿನ ಗುರುತು ಎರಡು ರಾತ್ರಿ. ಬಿಸಿನೀರಿನ ಹೊಸ ಲೈನು ಅದಾದ ಮೇಲೆ. ತಣ್ಣೀರಿನ ಜಿ.ಐ. ಸೋರದಿದ್ದರೆ ಸದ್ಯಕ್ಕೆ ಮುಟ್ಟಬೇಡಿ, ಆದರೆ ಹೊಸ ಲೈನಿಗೆ ಕ್ಲಾಂಪು ಹೊಡೆಸುವಾಗಲೇ ಪಕ್ಕದಲ್ಲಿ ಅದಕ್ಕೂ ಜಾಗ ಬಿಡಿಸಿ. ಚೇಂಬರಿನ ಕೆಲಸ ಮಳೆಗೆ ಮುಂಚೆ.