ಟೆಲಿಸ್ಕೋಪ್ ಕನ್ನಡಿ ತೇಯುವ ಗ್ರಿಟ್‌ಗೆ ‘ತರಿ’ ಸಲ್ಲುತ್ತಾ? ಶುಕ್ರವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಹಾಸನದಲ್ಲಿ ಶಾಲೆ ಮಕ್ಕಳ ಜೊತೆ ಆರು ಇಂಚಿನ ಟೆಲಿಸ್ಕೋಪ್ ಕನ್ನಡಿ ತೇಯಲು ಕೂರುತ್ತಿದ್ದೇವೆ. ಗಾಜು ತೇಯುವ ಗಟ್ಟಿ ಪುಡಿಯ (ಗ್ರಿಟ್) ಡಬ್ಬಿಗಳಿಗೆ ಅಂಟಿಸಲು ಕನ್ನಡದ ಚೀಟಿ ಬೇಕು ಅಂತ ಕೇಳಿದ್ದೆ. ಬಂದ ಉತ್ತರಗಳಲ್ಲಿ ‘ಅಪಘರ್ಷಕ ಕಣ’ ಬೇಡ. ಏಳನೇ ಕ್ಲಾಸಿನವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಮರಳು’ ತಪ್ಪು, ಇದು ಸಿಲಿಕಾನ್ ಕಾರ್ಬೈಡ್. ‘ದರ್ಪಣ’ವೂ ಬೇಡ. ಬೇಲೂರಿನ ಶಿಲಾಬಾಲಿಕೆಯ ಕೈಯಲ್ಲಿ ಅದು ಇರಲಿ, ನಮಗೆ ಕನ್ನಡಿ ಸಾಕು.

ನನ್ನ ಮನಸ್ಸು ‘ತರಿ’ ಕಡೆಗಿದೆ. ಅಕ್ಕಿ ತರಿ, ತರಿ ಕಡುಬು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ತರಿತರಿಯಾಗಿ ರುಬ್ಬು ಅಂದರೆ ಬೆರಳಿಗೆ ಸಿಗಬೇಕು. ಬಿದ್ದಾಗ ಮೊಣಕಾಲು ತರಚುತ್ತದಲ್ಲ, ಆ ತರಚುವುದೂ ಇದರ ನೆಂಟನೇ ಅಂತ ನನ್ನ ನಂಬಿಕೆ. ತರಿ ಜಮೀನಿನ ಜೊತೆ ಗೊಂದಲ ಆಗುತ್ತೆ ಅಂದವರಿಗೆ: ಡಬ್ಬಿಯಲ್ಲಿ ಗದ್ದೆ ಇದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಕಷ್ಟ ಇರುವುದು ಪುಡಿಯ ನಂಬರಿನಲ್ಲಿ. ಅದು ಜರಡಿಯಿಂದ ಬಂದದ್ದು, ಇಂಚಿಗೆ ಎಷ್ಟು ಕಣ್ಣು ಅನ್ನುವ ಲೆಕ್ಕ. ಕಣ್ಣು ಜಾಸ್ತಿ ಆದಷ್ಟೂ ಪುಡಿ ನುಣ್ಣಗೆ. 80ರಲ್ಲಿ ಗಾಜಿನ ನಡುವೆ ಗುಂಡಿ ತೋಡಿ 120, 220, 400, 600 ಅಂತ ಹೋಗಬೇಕು. ಹೋದ ಸಲ ಒಬ್ಬ ಹುಡುಗ ಸಣ್ಣ ನಂಬರ್ ಅಂದರೆ ಸಣ್ಣ ಪುಡಿ ಅಂದುಕೊಂಡ. 400 ಮುಗಿಸಿದ ಗಾಜಿನ ಮೇಲೆ 120 ಉದುರಿಸಿದ. ಕರಕರ ಸದ್ದು ಕೇಳಿಯೇ ನನ್ನ ಎದೆ ಧಸಕ್ಕೆಂದಿತು. ತೊಳೆದು, ಟಾರ್ಚನ್ನು ಓರೆಯಾಗಿ ಹಿಡಿದರೆ ಗಾಜಿನ ತುಂಬಾ ಗೀರು. ಮತ್ತೆ 220ರಿಂದ ಶುರು ಮಾಡಿದೆವು, ಎರಡು ದಿನ ಹೋಯಿತು. ತಪ್ಪು ಹುಡುಗನದಲ್ಲ, ಬರೀ ನಂಬರ್ ಬರೆದ ನನ್ನ ಚೀಟಿಯದು. ಅದಕ್ಕೇ ‘80, ದಪ್ಪ ತರಿ’, ‘220, ಸಣ್ಣ ತರಿ’ ಅಂತ ಬರೆಯುವ ಯೋಚನೆ.

ಗ್ರಿಟ್, ಕಾರ್ಬೊರಂಡಂ ಅಂತಲೇ ಇಡಿ, ಪರಭಾಷೆಗೆ ಹೆದರಬೇಡಿ ಅಂದರು ಒಬ್ಬರು. ಕಾರ್ಬೊರಂಡಂ ಅಂದರೆ ಇದೇ ಸಿಲಿಕಾನ್ ಕಾರ್ಬೈಡ್, ಆ ಹೆಸರಿಗೆ ನನ್ನ ತಕರಾರಿಲ್ಲ. ಅದು 1890ರ ದಶಕದಲ್ಲಿ ಅಮೆರಿಕದ ಸಂಶೋಧಕ ಅಚೆಸನ್ ಕಾರ್ಬನ್ ಜೊತೆ ಕೊರಂಡಂ ಸೇರಿಸಿ ಕಟ್ಟಿದ ಹೆಸರು. ಕೊರಂಡಂ ಒಂದು ಗಟ್ಟಿ ಖನಿಜ, ಆ ಹೆಸರು ತಮಿಳಿನ ಕುರುಂದಂ, ತೆಲುಗಿನ ಕುರುವಿಂದಂ ಕಡೆಯಿಂದ ಹೋದದ್ದು. ನಮ್ಮ ಸೀಮೆಯದೇ ಮಾತು ತಿರುಗಿ ಬಂದಿದೆ, ಬರಲಿ. ಆದರೆ ದಿನಾ ಬಾಯಲ್ಲಿರುವ ತರಿಯನ್ನು ಅಡುಗೆಮನೆ ಮಾತು ಅಂತ ತಳ್ಳುವುದನ್ನು ನಾನು ಒಪ್ಪುವುದಿಲ್ಲ.

ಉಳಿದದ್ದು ಒಂದೇ ಪ್ರಶ್ನೆ. 600ರ ಕಾಳು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ಬೆರಳಿಗೆ ಬರೀ ಹಿಟ್ಟು. ಆದರೂ ಗಾಜನ್ನು ಚಿಕ್ಕ ಚಿಕ್ಕದಾಗಿ ಕೀಳುತ್ತದೆ, ಹಾಗಾಗಿ ಅದೂ ತರಿಯೇ ಅಂತ ನನ್ನ ವಾದ. ಕೊನೆಗೆ ಹಾಕುವ ಸೀರಿಯಂ ಆಕ್ಸೈಡ್ ಮಾತ್ರ ಹೊಳಪು ಪುಡಿ. ‘ನುಣ್ಣನೆ ತರಿ’ ನಿಮ್ಮ ಕಿವಿಗೆ ಒಪ್ಪುತ್ತಾ, ಇಲ್ವಾ? ಅಷ್ಟು ಹೇಳಿ. ಶುಕ್ರವಾರ ಮಧ್ಯಾಹ್ನ ಚೀಟಿ ಅಚ್ಚಿಗೆ ಕೊಡುತ್ತೇನೆ.